ಪಾತ್ರದಾಟವೂ ಸೂತ್ರಧಾರನೂ

ಮೊದಲು ಅಥಣಿ ತಾಲೂಕಿಗೆ ಸೇರಿದ್ದು ಈಗ ಕಾಗವಾಡ ತಾಲೂಕಿನಲ್ಲಿರುವ ಶಿರಗುಪ್ಪಿಯಂತಹ ಕೃಷ್ಣಾತೀರದ ಊರುಗಳಲ್ಲಿ ‘ಆಟ’ ಎಂಬ ಶಬ್ದಕ್ಕೆ ಎರಡರ್ಥಗಳುಂಟು. ಮಕ್ಕಳು ಬಯಲಿನಲ್ಲಿ ಆಡುವುದೂ ಆಟ. ಊರೆಲ್ಲ ನೆರೆದು ಬೆಳಗಾಗುವವರೆಗೆ ನೋಡುವ ಕೃಷ್ಣ ಪಾರಿಜಾತವೂ ಆಟ. ದೊಡ್ಡಾಟ, ಸಣ್ಣಾಟ, ಬಯಲಾಟ ಎಂಬ ಹೆಸರುಗಳಲ್ಲಿಯೇ ಈ ಅಭೇದವು ನೆಲೆಸಿದೆ. ‘ನಾಟಕ’ವನ್ನು ಒಂದು ಕಡೆಗೂ ‘ಕ್ರೀಡೆ’ಯನ್ನು ಇನ್ನೊಂದು ಕಡೆಗೂ ಇಟ್ಟು ವಿಚಾರಮಾಡುವ ಪಂಡಿತರಿಗೆ ಇದು ಕೇವಲ ಶ್ಲೇಷೆಯೆಂದು ತೋರಬಹುದು. ಆದರೆ ಈಗ ಅದೇ ಊರುಗಳ ತರುಣರ ಕೈಯೊಳಗಿನ ಗಾಜಿನ ಹಲಗೆಯ ಮೇಲೆ ಮೂರನೆಯದೊಂದು ಆಟವು ಬಂದಿದೆ. ಅದರಲ್ಲಿ ಆಡುವವನು ವೇಷವನ್ನೂ ತೊಡುತ್ತಾನೆ, ಗೆಲ್ಲಲೂ ಹವಣಿಸುತ್ತಾನೆ. ಕಂಪ್ಯೂಟರಿನ ಪಾತ್ರದಾಟವೆಂದು ಕರೆಯಬಹುದಾದ ಈ ಪ್ರಕಾರವನ್ನು ವಿಮರ್ಶಿಸಲು ಕನ್ನಡದ ಹಳೆಯ ಶಬ್ದವೇ ಒಳ್ಳೆಯ ಕೀಲಿಕೈಯಾಗುವಂತಿದೆ.

ಪಾರಿಜಾತದ ಪಾತ್ರಪ್ರವೇಶವನ್ನು ಬಲ್ಲವರಿಗೆ ಈ ಮಾತಿನ ಹುರುಳು ಕೂಡಲೆ ಹೊಳೆಯುವುದು. ಅಪರಾಳ ತಮ್ಮಣ್ಣನಿಂದ ಮೊದಲಾಗಿ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದು, ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರಿಂದ ಜನಮನ್ನಣೆ ಪಡೆದ ಈ ಆಟದಲ್ಲಿ ಪಾತ್ರವು ತೆರೆಯ ಮರೆಯಿಂದ ಬಂದ ಮಾತ್ರಕ್ಕೆ ಪಾತ್ರವಾಗುವುದಿಲ್ಲ. ರಂಗದ ಮೇಲೆ ನಿಂತಿರುವ ಭಾಗವತನು ಅದನ್ನು ತಡೆದು, ನೀನಾರು, ಎಲ್ಲಿಂದ ಬಂದೆ, ಬಂದ ಕಾರಣವೇನು ಎಂದು ಕೇಳುತ್ತಾನೆ. ದೊಡ್ಡಾಟದಲ್ಲಿ ಸಾರಥಿಯ ಕೆಲಸವೂ ಇದೇ. ಪಾತ್ರಧಾರಿಯು ಹಾಡಿನಿಂದಲೂ ಮಾತಿನಿಂದಲೂ ಉತ್ತರ ಕೊಡಬೇಕು. ಆ ಉತ್ತರವು ಬಹುಮಟ್ಟಿಗೆ ಆಶುವಾದದ್ದು. ಆದಕಾರಣ ಅದೇ ಸತ್ಯಭಾಮೆಯು ಎರಡು ರಾತ್ರಿಗಳಲ್ಲಿ ಎರಡು ಬಗೆಯಾಗಿ ಕಾಣುವುದುಂಟು. ಕಿರೀಟ, ಭುಜಕೀರ್ತಿ, ಬಣ್ಣ ಇವು ಪೆಟ್ಟಿಗೆಯಿಂದ ಬರುತ್ತವೆ. ಪಾತ್ರವು ಉತ್ತರದಿಂದ ಹುಟ್ಟುತ್ತದೆ. ಪೆಟ್ಟಿಗೆಯದೊಂದು, ಪ್ರಶ್ನೆಯದೊಂದು ಎಂಬ ಈ ಎರಡು ಅಂಶಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಂಡರೆ, ಹಳೆಯ ಪಾತ್ರದಾಟಗಳು ಇಂದಿನ ಆಟಗಳಿಗೆ ಬಿಟ್ಟುಹೋದ ಆಸ್ತಿ ಯಾವುದೆಂಬ ವಿವಾದಾಸ್ಪದ ವಿಷಯಕ್ಕೆ ಒಂದು ಅಳತೆಗೋಲು ದೊರೆಯುತ್ತದೆ.

ಈ ಪ್ರಕಾರದ ವಂಶಾವಳಿಯು ಭಾರತೀಯರಿಗೆ ತೀರ ಅಪರಿಚಿತವಾದದ್ದಲ್ಲ. ಚತುರಂಗವು ಪಾರಸಿಕ, ಅರಬ ದೇಶಗಳ ಮಾರ್ಗವಾಗಿ ಯುರೋಪಿಗೆ ಹೋದ ಸಂಗತಿ ಸರ್ವವಿದಿತ. ಆ ಚದುರಂಗವನ್ನೇ ಹಿಗ್ಗಿಸಿ ಜರ್ಮನಿಯ ಹೆಲ್‌ವಿಗ್ ಎಂಬವನು ೧೭೮೦ರಲ್ಲಿ ಯುದ್ಧದ ಆಟವೊಂದನ್ನು ರಚಿಸಿದನು. ೧೮೨೪ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿಯಾದ ರೈಸ್‌ವಿಟ್ಜನು ಚದುರಂಗದ ಮನೆಗಳನ್ನು ತೆಗೆದುಹಾಕಿ, ಭೂಪಟದ ಮೇಲೆ ಆಡುವ ಆಟವನ್ನು ಬಳಕೆಗೆ ತಂದನು. ಅದರಲ್ಲಿ ಇಬ್ಬರು ಎದುರಾಳಿಗಳಲ್ಲದೆ ಮೂರನೆಯವನೊಬ್ಬನಿದ್ದನು. ಅವನು ಗೆಲ್ಲುವವನೂ ಅಲ್ಲ, ಸೋಲುವವನೂ ಅಲ್ಲ; ನಡೆದುದನ್ನು ಹೇಳುವವನು, ತೀರ್ಪು ಕೊಡುವವನು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದಾಗ ಈ ಮೂರನೆಯವನೇ ಆಟದ ಜೀವಾಳವಾದನು. ಮೇಜಿನ ಒಂದು ಕಡೆಯಲ್ಲಿ ಕುಳಿತು ಅವನು ಕತೆಯನ್ನು ಹೇಳುತ್ತಾನೆ. ಎದುರಿಗಿದ್ದವರನ್ನು, ನೀವು ಈಗ ಏನು ಮಾಡುವಿರಿ ಎಂದು ಕೇಳುತ್ತಾನೆ. ಅವರು ಬಾಯಿಗೆ ಬಂದ ಉತ್ತರವನ್ನು ಕೊಡಬಹುದು. ಇವನು ಭಾಗವತನಲ್ಲದೆ ಮತ್ತಾರು? ಒಬ್ಬರಿಂದೊಬ್ಬರು ಕಲಿತರೆಂದು ಹೇಳಲು ಆಧಾರವೇನೂ ಇಲ್ಲ. ವೇಷ ತೊಟ್ಟು ಆಶುವಾಗಿ ಮಾತನಾಡುವ ಆಟಕ್ಕೆ ಪ್ರಶ್ನೆ ಕೇಳುವವನೊಬ್ಬನು ಎಲ್ಲಿದ್ದರೂ ಬೇಕಾಗುವನೆಂಬಷ್ಟೇ ಇದರ ತಾತ್ಪರ್ಯ.

ಆ ಆಟದಲ್ಲಿ ಪೆಟ್ಟಿಗೆಯೂ ಇದ್ದಿತು. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚಾತುರ್ಯ, ವರ್ಚಸ್ಸು ಎಂಬ ಆರು ಗುಣಗಳನ್ನು ದಾಳಗಳಿಂದ ಎಣಿಸಿ ಕಾಗದದ ಮೇಲೆ ಬರೆದಿಡುವುದು. ಶತ್ರುಗಳನ್ನು ಕೊಂದು ನಿಧಿಯನ್ನು ತಂದಂತೆ ಅನುಭವದ ಅಂಕಗಳನ್ನು ಕೂಡಿಸಿ ಮೇಲಿನ ಹಂತಕ್ಕೆ ಏರುವುದು. ಇದು ಆಟದ ಖಾತೆಕಿರ್ದಿ. ಮೇಜಿನ ಆಟದಲ್ಲಿ ಕಿರ್ದಿಯು ಕತೆಯ ಊಳಿಗದಲ್ಲಿದ್ದಿತು. ಯಂತ್ರದೊಳಕ್ಕೆ ಹೋದಾಗ ಈ ಸಂಬಂಧವು ತಲೆಕೆಳಗಾಯಿತು.

ಅದು ಹೇಗೆಂಬುದನ್ನು ತಿಳಿಯಲು ಕೃಷ್ಣಾತೀರದ ನಾಟಕಚರಿತ್ರೆಯನ್ನೇ ಒಮ್ಮೆ ನೆನೆಯುವುದು ಉಚಿತ. ಶಿರಗುಪ್ಪಿಗೆ ದೂರವಲ್ಲದ ಸಾಂಗ್ಲಿಗೆ ೧೮೪೨ರಲ್ಲಿ ಹೊನ್ನಾವರದ ಕಡೆಯ ಕರ್ಕಿಯಿಂದ ಭಾಗವತರ ಮೇಳವೊಂದು ಬಂದಿತೆಂದೂ, ಅದರ ಆಟವನ್ನು ಕಂಡ ಅಲ್ಲಿಯ ಅರಸರಾದ ಚಿಂತಾಮಣರಾವ ಪಟವರ್ಧನರು ತಮ್ಮ ಆಶ್ರಿತನಾದ ವಿಷ್ಣುದಾಸ ಭಾವೆಗೆ ಅಂತಹದೊಂದನ್ನು ಮರಾಠಿಯಲ್ಲಿ ರಚಿಸಲು ಅಪ್ಪಣೆ ಮಾಡಿದರೆಂದೂ ರಂಗಭೂಮಿಯ ಇತಿಹಾಸಕಾರರು ಹೇಳುತ್ತಾರೆ. ೧೮೪೩ರಲ್ಲಿ ‘ಸೀತಾಸ್ವಯಂವರ’ವು ಹೀಗೆ ಹುಟ್ಟಿತು. ಭಾವೆಯ ನಾಟಕಗಳಲ್ಲಿ ಸೂತ್ರಧಾರನು ಮೊದಲಿನಿಂದ ಕೊನೆಯವರೆಗೆ ನಿಂತು ಪದ್ಯಗಳನ್ನು ಹಾಡುತ್ತಿದ್ದನು; ಪಾತ್ರಗಳು ಆ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ ಬೆಳೆಸುತ್ತಿದ್ದುವು. ೧೮೮೦ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಶಾಕುಂತಲವನ್ನು ಸಂಗೀತನಾಟಕವಾಗಿ ಆಡಿಸಿದಾಗ ಪಾತ್ರಗಳು ತಾವೇ ಹಾಡತೊಡಗಿದುವು. ಸೂತ್ರಧಾರನು ಪ್ರಸ್ತಾವನೆಯಲ್ಲಿ ಮುಖ ತೋರಿಸಿ ಹೊರಟುಹೋದನು. ಒಂದು ಕಲೆಯು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಕಿರೀಟ, ಪರದೆ, ಕತೆ ಇವೆಲ್ಲ ಗಾಡಿಯಲ್ಲಿ ಹಿಡಿಯುತ್ತವೆ. ರಂಗದ ಮೇಲೆ ನಿಂತು ಪ್ರಶ್ನೆ ಕೇಳುವವನಿಗೆ ಮಾತ್ರ ಸ್ಥಳ ಸಾಲದೆ ಹೋಗುತ್ತದೆ.

ಮೇಜಿನ ಪಾತ್ರದಾಟಕ್ಕೂ ಇದೇ ಗತಿಯಾಯಿತು. ೧೯೭೫ರ ವೇಳೆಗೆ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ಗಣಕವ್ಯವಸ್ಥೆಯ ಮೇಲೆ ವಿದ್ಯಾರ್ಥಿಗಳು ನೆಲಮಾಳಿಗೆಯ ಆಟಗಳನ್ನು ಬರೆದರು. ೧೯೮೦ರ ಸುಮಾರಿನ ‘ರೋಗ್’ ಅಕ್ಷರಗಳಿಂದಲೇ ಕೋಣೆಗಳನ್ನು ಕಟ್ಟಿ, ಪ್ರತಿಸಲವೂ ಹೊಸ ನೆಲಮಾಳಿಗೆಯನ್ನು ಒಡ್ಡಿತು. ೧೯೮೧ರ ‘ವಿಜರ್ಡ್ರಿ’ಯು ಆರು ಜನರ ತಂಡವನ್ನು ಕತ್ತಲೆಯ ಜಟಿಲಮಾರ್ಗಕ್ಕೆ ಇಳಿಸಿತು. ಅಂಕೆಗಳನ್ನು ಕೂಡಿಸಿ ಕಳೆಯುವುದರಲ್ಲಿ ಯಂತ್ರಕ್ಕೆ ಸಮಾನರಿಲ್ಲ. ಆದಕಾರಣ ಕಿರ್ದಿಯು ಅಚ್ಚುಕಟ್ಟಾಗಿ ಉಳಿಯಿತು. ಆಶುವಾದ ಉತ್ತರವನ್ನು ಕೇಳಿ ಅರ್ಥಮಾಡಿಕೊಳ್ಳುವ ಕಿವಿಯು ಅಂದಿನ ಯಂತ್ರಕ್ಕೆ ಇರಲಿಲ್ಲ. ಆದಕಾರಣ ಪ್ರಶ್ನೆಯೇ ಬಿದ್ದುಹೋಯಿತು. ಆ ಕರ್ತೃಗಳನ್ನು ಇದಕ್ಕಾಗಿ ನಿಂದಿಸುವುದು ನ್ಯಾಯವಲ್ಲ. ಆದರೆ ಈ ಕೊರತೆಯನ್ನೇ ಪ್ರಕಾರದ ಲಕ್ಷಣವೆಂದು ಹಿಂದಿನಿಂದ ಬಂದವರು ಭ್ರಮಿಸಿದರು. ಇದು ಸಾಮಾನ್ಯವಾದ ತಪ್ಪಲ್ಲ.

ಕೊರತೆಯನ್ನು ಮೊದಲು ಅರಿತವರಲ್ಲಿ ರಿಚರ್ಡ್ ಗ್ಯಾರಿಯಟ್ ಮುಖ್ಯನು. ೧೯೮೫ರಲ್ಲಿ ಹೊರಬಂದ ಅವನ ‘ಅಲ್ಟಿಮಾ’ ಮಾಲೆಯ ನಾಲ್ಕನೆಯ ಆಟವು ಇಂದಿಗೂ ಸೂಕ್ಷ್ಮವಾದ ಪರೀಕ್ಷೆಗೆ ಯೋಗ್ಯವಾಗಿದೆ. ಅದಕ್ಕಿಂತ ಮೊದಲಿನ ಆಟಗಳಲ್ಲಿ ಆರಂಭಕ್ಕೆ ದಾಳವೋ ಅಂಕಗಳ ಹಂಚಿಕೆಯೋ ಇರುತ್ತಿದ್ದಿತು. ಇಲ್ಲಿ ಹಾಗಲ್ಲ. ಕಣಿ ಹೇಳುವ ಹೆಂಗಸೊಬ್ಬಳು ಆಡುವವನನ್ನು ಕೂರಿಸಿ, ಏಳು ಧರ್ಮಸಂಕಟಗಳನ್ನು ಒಂದಾದ ಮೇಲೊಂದರಂತೆ ಅವನ ಮುಂದೆ ಇಡುತ್ತಾಳೆ. ಪ್ರತಿಯೊಂದರಲ್ಲಿಯೂ ಎರಡು ಸದ್ಗುಣಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಸತ್ಯವನ್ನು ಹಿಡಿದರೆ ಕರುಣೆ ಹೋದೀತು, ನ್ಯಾಯವನ್ನು ಹಿಡಿದರೆ ಮಾನ ಹೋದೀತು. ಎಂಟು ಗುಣಗಳಲ್ಲಿ ಕೊನೆಗೆ ಯಾವುದು ಉಳಿಯುವುದೋ ಅದರಂತೆ ಅವನ ವೃತ್ತಿಯು ನಿಶ್ಚಯವಾಗುತ್ತದೆ. ಸತ್ಯವು ಉಳಿದರೆ ಮಾಂತ್ರಿಕನು, ಕರುಣೆ ಉಳಿದರೆ ಗಾಯಕನು, ಶೌರ್ಯವಾದರೆ ಯೋಧನು. ವಿನಯವನ್ನು ಆರಿಸಿಕೊಂಡವನು ಕುರಿ ಕಾಯುವವನಾಗುತ್ತಾನೆ. ಆಟದಲ್ಲಿ ಎಲ್ಲರಿಗಿಂತ ದುರ್ಬಲನು ಅವನೇ. ವಿನಯಕ್ಕೆ ಬಲದ ಬೆಲೆಯನ್ನು ತೆರಬೇಕೆಂಬ ಈ ಏರ್ಪಾಡು ಕರ್ತೃವಿನ ವಿವೇಕಕ್ಕೆ ಸಾಕ್ಷಿ. ಪಾತ್ರವು ಉತ್ತರದಿಂದ ಹುಟ್ಟುತ್ತದೆ ಎಂದು ಪಾರಿಜಾತದ ಬಗ್ಗೆ ಮೇಲೆ ಹೇಳಿದ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇದಕ್ಕಿಂತ ಹೆಚ್ಚಿನ ಸಂಗತಿ ಇನ್ನೊಂದುಂಟು. ಈ ಆಟದಲ್ಲಿ ಗೆಲ್ಲಬೇಕಾದ ದುಷ್ಟರಾಜನಿಲ್ಲ. ಎಂಟು ಗುಣಗಳನ್ನು ಸಿದ್ಧಿಸಿಕೊಂಡು, ಎಂಟು ಗುಡಿಗಳಲ್ಲಿ ಮಂತ್ರದಿಂದ ಧ್ಯಾನಮಾಡಿ (ಅವುಗಳಲ್ಲಿ ಒಂದರ ಮಂತ್ರವು ಓಂಕಾರವೇ ಆಗಿದೆ), ‘ಅವತಾರ’ನಾಗುವುದೇ ಅದರ ಗುರಿ. ಗುಣಗಳ ಲೆಕ್ಕವನ್ನು ಯಂತ್ರವು ಇಡುತ್ತದೆ, ಆದರೆ ತೋರಿಸುವುದಿಲ್ಲ. ಔಷಧಿಯ ಬೇರುಗಳನ್ನು ಮಾರುವ ಕುರುಡಿಯೊಬ್ಬಳ ಅಂಗಡಿಯಲ್ಲಿ ಎಷ್ಟು ಹಣ ಕೊಡಬೇಕೆಂಬುದನ್ನು ಕೊಳ್ಳುವವನೇ ಎಣಿಸಿ ಇಡಬೇಕು. ಕಡಿಮೆ ಕೊಟ್ಟರೆ ಅವಳು ಕಾಣಳು. ಯಾವ ದಂಡನೆಯೂ ಆಗ ಒದಗುವುದಿಲ್ಲ. ಬಹಳ ಹೊತ್ತಿನ ಮೇಲೆ, ಅರಮನೆಯ ದ್ರಷ್ಟಾರನ ಬಳಿಗೆ ಹೋಗಿ ಕೇಳಿದಾಗ, ನಿನ್ನಲ್ಲಿ ಪ್ರಾಮಾಣಿಕತೆ ಸಾಲದೆಂಬ ಸೂಚನೆ ಮಾತ್ರ ಬರುತ್ತದೆ. ಕಿರ್ದಿಯು ಪ್ರಶ್ನೆಯ ಊಳಿಗಕ್ಕೆ ಮರಳಿದ್ದು ಇಲ್ಲಿ. ಸಣ್ಣದೊಂದು ಅಂಗಡಿಯ ಪ್ರಸಂಗದಲ್ಲಿ ಕರ್ತೃವು ಸಾಧಿಸಿದ್ದನ್ನು ಅನಂತರದ ಅನೇಕ ಮಹಾಗಾತ್ರದ ಆಟಗಳು ಸಾಧಿಸಲಾರದೆ ಹೋದುವು.

‘ಅವತಾರ’ ಎಂಬ ಶಬ್ದವನ್ನು ಗ್ಯಾರಿಯಟ್ ಭಾರತದಿಂದಲೇ ಎತ್ತಿಕೊಂಡದ್ದು. ಆದರೆ ಅರ್ಥವನ್ನು ತಲೆಕೆಳಗು ಮಾಡಿದನೆಂಬುದನ್ನು ಗಮನಿಸಬೇಕು. ಭಾರತೀಯರಿಗೆ ಅವತಾರವೆಂದರೆ ಇಳಿದುಬರುವುದು, ದೇವರು ಮನುಷ್ಯನಾಗುವುದು. ಅಲ್ಟಿಮಾದಲ್ಲಿ ಮನುಷ್ಯನು ಆದರ್ಶಕ್ಕೆ ಏರುತ್ತಾನೆ. ಅದು ಅವತರಣವಲ್ಲ, ಆರೋಹಣ. ವಿನೋದವೇನೆಂದರೆ ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಲ್ಯೂಕಸ್‌ಫಿಲ್ಮ್ ಸಂಸ್ಥೆಯ ‘ಹ್ಯಾಬಿಟ್ಯಾಟ್’ ಎಂಬ ಆಟದಲ್ಲಿ, ಪರದೆಯ ಮೇಲೆ ಆಡುವವನನ್ನು ಪ್ರತಿನಿಧಿಸುವ ಗೊಂಬೆಗೆ ಆ ಹೆಸರು ಬಂದಿತು. ಆಡುವವನು ತನ್ನ ಲೋಕದಿಂದ ಆಟದ ಲೋಕಕ್ಕೆ ಇಳಿಯುತ್ತಾನೆಂಬ ಅರ್ಥದಲ್ಲಿ ಈ ಎರಡನೆಯ ಬಳಕೆಯೇ ಮೂಲಕ್ಕೆ ಹತ್ತಿರವಾದದ್ದು. ಇಂದು ಯಾರ ಚಿತ್ರಕ್ಕಾದರೂ ‘ಅವತಾರ್’ ಎನ್ನುವುದು ರೂಢಿಯಾಗಿದೆ. ಶಬ್ದವು ಗೆದ್ದಿತು, ಅದರ ಹಿಂದಿನ ಏಳು ಪ್ರಶ್ನೆಗಳು ಅದರ ಸಂಗಡ ಬರಲಿಲ್ಲ.

ಜಪಾನಿನ ಶಾಖೆಯನ್ನು ಕುರಿತು ಇಲ್ಲಿ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ವಿಜರ್ಡ್ರಿ, ಅಲ್ಟಿಮಾಗಳನ್ನು ಮೆಚ್ಚಿದ ಯೂಜಿ ಹೋರಿಯಿಯ ‘ಡ್ರಾಗನ್ ಕ್ವೆಸ್ಟ್’ (೧೯೮೬), ಅದರ ಮರುವರ್ಷದ ‘ಫೈನಲ್ ಫ್ಯಾಂಟಸಿ’ ಇವು ಆ ಕಷ್ಟಸಾಧ್ಯವಾದ ಆಟಗಳನ್ನು ಮನೆಮನೆಯ ಸೊತ್ತು ಮಾಡಿದುವು. ಅವುಗಳಲ್ಲಿ ಕತೆಯು ಕಾದಂಬರಿಯಂತೆ ಮೊದಲೇ ಬರೆದಿಟ್ಟದ್ದು. ಆಡುವವನು ರಸಿಕನಾಗಿ ಜತೆಗೆ ನಡೆಯುತ್ತಾನೆ. ಅದು ದೋಷವಲ್ಲ, ಬೇರೊಂದು ಮಾರ್ಗ. ಭಾವೆಯಿಂದ ಕಿರ್ಲೋಸ್ಕರರಿಗೆ ಬಂದಂತೆ.

ಅಲ್ಟಿಮಾದ ಪ್ರಶ್ನೆಯು ಮತ್ತೆ ಪೂರ್ಣಸ್ವರದಲ್ಲಿ ಕೇಳಿಬಂದದ್ದು ೧೯೯೯ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ. ಅದರ ನಾಯಕನು ಶವಾಗಾರದ ಕಲ್ಲಿನ ಮೇಲೆ ಎಚ್ಚರಗೊಳ್ಳುತ್ತಾನೆ. ಅವನಿಗೆ ಹೆಸರಿಲ್ಲ, ನೆನಪಿಲ್ಲ, ಸಾವೂ ಇಲ್ಲ. ಹಿಂದಿನ ಬಾಳುಗಳಲ್ಲಿ ತಾನು ಮಾಡಿ ಮರೆತ ಅಪರಾಧಗಳ ಫಲವನ್ನು ಹೊತ್ತವರು ದಾರಿಯುದ್ದಕ್ಕೂ ಅವನಿಗೆ ಎದುರಾಗುತ್ತಾರೆ. ಕರ್ಮವಿಪಾಕದ ಕಲ್ಪನೆಯಲ್ಲಿ ಬೆಳೆದ ವಾಚಕನಿಗೆ ಈ ವಸ್ತುವು ಪರದೇಶದ್ದೆಂದು ತೋರದು. ಆಟದ ನಡುವೆ ಮಾಟಗಾತಿಯೊಬ್ಬಳು, ಮನುಷ್ಯನ ಸ್ವಭಾವವನ್ನು ಬದಲಿಸಬಲ್ಲದ್ದು ಯಾವುದೆಂದು ಅವನನ್ನು ಕೇಳುತ್ತಾಳೆ. ಇದಕ್ಕೆ ಸರಿಯುತ್ತರವೆಂಬುದೊಂದಿಲ್ಲ, ಉತ್ತರವು ಅವನದಾಗಿರಬೇಕು, ಅಷ್ಟೆ. ಕತ್ತಿ ಹಿಡಿಯುವ ಬಲಕ್ಕಿಂತ ವಿವೇಕವೆಂಬ ಗುಣದ ಅಂಕೆಯನ್ನು ಹೆಚ್ಚಿಸಿಕೊಂಡವನಿಗೆ ಇಲ್ಲಿ ಹೆಚ್ಚಿನ ಬಾಗಿಲುಗಳು ತೆರೆಯುತ್ತವೆ. ಯುದ್ಧದ ಭಾಗವು ನೀರಸವೆಂಬ ಆಕ್ಷೇಪಣೆಯನ್ನು ಒಪ್ಪಲೇಬೇಕು. ಒಪ್ಪಿದರೂ ಕೃತಿಯ ಗೌರವಕ್ಕೆ ಕುಂದಿಲ್ಲ.

ಇನ್ನು ಪ್ರಭಾವದ ವಿಚಾರ. ಹಳೆಯ ಪಾತ್ರದಾಟಗಳು ಆಧುನಿಕ ಆಟಗಳನ್ನೆಲ್ಲ ವ್ಯಾಪಿಸಿವೆಯೆಂದು ಹೊಗಳುವವರು ತೋರಿಸುವ ಸಾಕ್ಷಿಗಳು ಬಹುಮಟ್ಟಿಗೆ ಪೆಟ್ಟಿಗೆಯೊಳಗಿನವು. ರೋಗ್‌ನ ಸಂತತಿಯಾದ ‘ಡಯಾಬ್ಲೊ’ (೧೯೯೬) ಶವದಿಂದ ಶವಕ್ಕೆ ಒಡವೆಗಳನ್ನು ಆರಿಸುವ ಚಪಲವನ್ನು ಕಲಿಸಿತು. ಬಂದೂಕಿನ ಆಟಗಳಾದರೂ ಇದಕ್ಕೆ ಹೊರತಾಗಿ ಉಳಿಯಲಿಲ್ಲ. ೨೦೦೭ರ ‘ಕಾಲ್ ಆಫ್ ಡ್ಯೂಟಿ ೪’ರಲ್ಲಿ ಗುಂಡು ಹಾರಿಸಿದವನಿಗೂ ಅನುಭವದ ಅಂಕಗಳು, ಹಂತಗಳು, ಪದವಿಗಳು. ಇಂದು ಭಾಷೆಯನ್ನು ಕಲಿಸುವ ಡ್ಯುಯೊಲಿಂಗೊವಿನಂತಹ ಸಾಧನವೂ ಪಾಠ ಮುಗಿಸಿದವನಿಗೆ ಅದೇ ಹೆಸರಿನ ಅಂಕಗಳನ್ನು ಕೊಡುತ್ತದೆ. ಗೈಗ್ಯಾಕ್ಸನ ಕಾಗದದಿಂದ ಹೊರಟ ಕಿರ್ದಿಯು ಹೀಗೆ ದಿಗ್ವಿಜಯ ಮಾಡಿತೆಂಬುದು ನಿಜ. ಆದರೆ ಪ್ರಭಾವವೆಂದರೆ ಹರಡಿಕೆ ಮಾತ್ರವೆ? ಪಂಪನ ಪ್ರಭಾವವನ್ನು ಹೇಳುವಾಗ ಚಂಪುವಿನ ಕಂದವೃತ್ತಗಳನ್ನು ಎಷ್ಟು ಕವಿಗಳು ಬಳಸಿದರೆಂದು ಎಣಿಸಿ ಯಾರೂ ತೃಪ್ತರಾಗುವುದಿಲ್ಲ.

ಕಿರ್ದಿಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಪಟ್ಟ ಶ್ರಮವು ಕಣ್ಣಿಗೆ ಕಾಣುವಂತೆ ಬೆಳೆಯುವುದು ಮನುಷ್ಯನಿಗೆ ಸಹಜವಾದ ಸಂತೋಷ; ವಿಜರ್ಡ್ರಿಯ ಆಳಕ್ಕೆ ಇಳಿದು ಜೀವಸಹಿತ ಮೇಲೆ ಬಂದವನ ಹೆಮ್ಮೆಯನ್ನು ತುಚ್ಛವೆನ್ನಲಾಗದು. ಆದರೆ ಆ ಅಂಕೆಗೆ ಅಲ್ಲಿ ಅಪಾಯದ ಬೆಲೆಯಿದ್ದಿತು. ಅಪಾಯವನ್ನೂ ಆಯ್ಕೆಯನ್ನೂ ತೆಗೆದುಹಾಕಿ ಏರುವ ಅಂಕೆಯನ್ನು ಮಾತ್ರ ಉಳಿಸಿದರೆ ಅದು ಆಡುವವನನ್ನು ಕಟ್ಟಿಹಾಕುವ ಹಗ್ಗವಾಗುತ್ತದೆಯೇ ಹೊರತು ಪಾತ್ರವಾಗುವುದಿಲ್ಲ. ಕನ್ನಡದಲ್ಲಿ ಪಾತ್ರವೆಂದರೆ ವೇಷವೂ ಹೌದು, ತುಂಬಿಡುವ ಭಾಂಡವೂ ಹೌದು. ಇಂತಹ ಆಟಗಳಿಗೆ ಎರಡನೆಯ ಅರ್ಥವು ಮಾತ್ರ ತಿಳಿದಿದೆ.

ಪ್ರಶ್ನೆಯ ಪರಂಪರೆಯು ಕಿರಿದಾದರೂ ಕಡಿದುಹೋಗಿಲ್ಲ. ೨೦೧೪ರಲ್ಲಿ ಭಾರತದ ಪೈರೊಡಾಕ್ಟಿಲ್ ಎಂಬ ಚಿಕ್ಕ ಸಂಸ್ಥೆಯು ಹೊರತಂದ ‘ಅನ್‌ರೆಸ್ಟ್’ನಲ್ಲಿ ಪ್ರಾಚೀನ ಭಾರತದ ಛಾಯೆಯುಳ್ಳ ಭೀಮ್ರಾ ಎಂಬ ಕಲ್ಪಿತ ನಗರವು ಬರದಿಂದ ನರಳುತ್ತಿದೆ. ಆಡುವವನು ಒಬ್ಬನೇ ವೀರನಲ್ಲ. ಒಮ್ಮೆ ತಂದೆತಾಯಿಗಳು ಗೊತ್ತುಮಾಡಿದ ಮದುವೆಯ ಮುಂದೆ ನಿಂತ ಬಡ ಹುಡುಗಿ, ಒಮ್ಮೆ ರಾಜಕುಮಾರಿ. ಕತ್ತಿಗೆ ಅಲ್ಲಿ ಕೆಲಸ ಬಹಳ ಕಡಿಮೆ, ಮಾತಿಗೆ ಹೆಚ್ಚು. ನುಣುಪು ಸಾಲದ ಕೃತಿಯಾದರೂ ಅದು ಹಿಡಿದ ದಾರಿ ಸರಿಯಾದದ್ದು. ೨೦೧೯ರಲ್ಲಿ ಎಸ್ಟೋನಿಯದವರು ರಚಿಸಿದ ‘ಡಿಸ್ಕೊ ಎಲಿಸಿಯಂ’ ಪ್ಲೇನ್‌ಸ್ಕೇಪಿನ ನೇರವಾದ ಶಿಷ್ಯ. ನೆನಪು ಕಳೆದುಕೊಂಡ ಪತ್ತೇದಾರನ ಇಪ್ಪತ್ತನಾಲ್ಕು ಗುಣಗಳು ಇಲ್ಲಿ ಬರಿಯ ಅಂಕೆಗಳಲ್ಲ. ಅವು ಅವನ ಕಿವಿಯಲ್ಲಿ ಮಾತನಾಡುತ್ತವೆ, ಜಗಳವಾಡುತ್ತವೆ, ತಪ್ಪು ಬುದ್ಧಿಯನ್ನೂ ಹೇಳುತ್ತವೆ. ಕಿರ್ದಿಯ ಸಾಲುಗಳೇ ಎದ್ದು ಹಿಮ್ಮೇಳವಾಗಿ ಹಾಡಿದಂತಾಯಿತು. ಅಲ್ಟಿಮಾದ ತರುವಾಯ ಈ ಪ್ರಕಾರದಲ್ಲಿ ಇಷ್ಟು ದೊಡ್ಡ ಕಲ್ಪನೆ ಬೇರೆ ಕಾಣದು. ೨೦೨೩ರ ‘ಬಾಲ್ಡರ್ಸ್ ಗೇಟ್ ೩’ ಇನ್ನೊಂದು ಬಗೆಯಲ್ಲಿ ಮೂಲಕ್ಕೆ ಮರಳಿತು. ಅದರಲ್ಲಿ ಕತೆ ಹೇಳುವವಳ ಧ್ವನಿಯು ಆಡುವವನನ್ನು ಕುರಿತೇ ಮಾತನಾಡುತ್ತದೆ. ದಾಳವು ಕಣ್ಣೆದುರಿಗೇ ಉರುಳುತ್ತದೆ. ಸೋತ ದಾಳದಿಂದಲೂ ಕತೆಯೊಂದು ಕವಲೊಡೆಯುತ್ತದೆ. ಪ್ರಸ್ತಾವನೆಯಲ್ಲಿ ಹೊರಟುಹೋಗಿದ್ದ ಸೂತ್ರಧಾರನು ಅರ್ಧ ಶತಮಾನದ ಬಳಿಕ ರಂಗಕ್ಕೆ ಬಂದನೆನ್ನಬೇಕು.

ಬಂದರೂ ಅವನು ಭಾಗವತನಿಗೆ ಸಮನಲ್ಲ. ಪಾರಿಜಾತದ ಭಾಗವತನು ಕೃಷ್ಣನನ್ನು ಪ್ರಶ್ನಿಸುತ್ತಿರುವಾಗಲೇ ಕಿರೀಟದ ಕೆಳಗಿರುವ ಊರ ಹುಡುಗನನ್ನೂ ಬಲ್ಲನು. ಅವನ ಹಿಂದಿನ ವರುಷದ ತಪ್ಪನ್ನು ಎತ್ತಿ ಒಂದು ಚೇಷ್ಟೆಯ ಮಾತನ್ನು ಹಾರಿಸಿದರೆ ಸಭೆಯೆಲ್ಲ ನಗುವುದು. ಹುಡುಗನು ಕೃಷ್ಣನಾಗಿಯೇ ಅದಕ್ಕೆ ಉತ್ತರ ಕೊಡಬೇಕು. ಪಾತ್ರವನ್ನೂ ಪಾತ್ರಧಾರಿಯನ್ನೂ ಒಟ್ಟಿಗೆ ಹಿಡಿಯುವ ಈ ಪ್ರಶ್ನೆಯನ್ನು ಯಂತ್ರದ ಆಟಗಳಲ್ಲಿ ಕೇಳಲು ಎಲ್ಲರಿಗಿಂತ ಹೆಚ್ಚು ಧೈರ್ಯ ಮಾಡಿದ್ದು ೨೦೧೫ರಲ್ಲಿ ಟೋಬಿ ಫಾಕ್ಸ್ ರಚಿಸಿದ ‘ಅಂಡರ್‌ಟೇಲ್’. ಯಾರನ್ನೂ ಕೊಲ್ಲದೆ ಮುಗಿಸಬಹುದಾದ ಆಟವದು. ಕೊಲ್ಲುತ್ತ ಹೋದವನು ವಾಡಿಕೆಯಂತೆ ಅಂಕಗಳನ್ನು ಕೂಡಿಸಿ ಹಂತಗಳನ್ನು ಏರುತ್ತಾನೆ. ಕೊನೆಯ ಮೊಗಸಾಲೆಯಲ್ಲಿ ಕಾದು ನಿಂತ ಪಾತ್ರವೊಂದು ಅವನಿಗೆ ಆ ಎರಡು ಸಂಕ್ಷಿಪ್ತಾಕ್ಷರಗಳ ಅರ್ಥವನ್ನು ಬಿಡಿಸಿ ಹೇಳುತ್ತದೆ. ಅನುಭವವೆಂದು ಅವನು ತಿಳಿದದ್ದು ವಧೆಯ ಲೆಕ್ಕ. ಹಂತವೆಂದು ತಿಳಿದದ್ದು ಹಿಂಸೆಯ ಅಳತೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನಿಂದ ನಲವತ್ತು ವರುಷ ಯಾರೂ ತೆರೆದು ಓದದ ಕಿರ್ದಿಯನ್ನು ಅಲ್ಲಿ ಗಟ್ಟಿಯಾಗಿ ಓದಲಾಗುತ್ತದೆ. ಅಷ್ಟಕ್ಕೇ ನಿಲ್ಲದು. ನಾಚಿ, ಆಟವನ್ನು ಅಳಿಸಿ, ಒಳ್ಳೆಯವನಾಗಿ ಮೊದಲಿನಿಂದ ಆಡತೊಡಗಿದವನಿಗೆ ಅಲ್ಲಿಯ ಕೆಲವು ಪಾತ್ರಗಳು, ಅವನ ಹಿಂದಿನ ಆಟವು ತಮಗೆ ಮರೆತಿಲ್ಲವೆಂಬುದನ್ನು ಸೂಚಿಸುತ್ತವೆ.